ಕೇಬಲ್ಲಿನ ಇನ್ನೊಂದು ತುದಿ

ಕಾಲೇಜಿನಿಂದ ಬಂದ ಆದೇಶಪತ್ರದಲ್ಲಿ ನನ್ನ ಹೆಸರಿನ ಕೆಳಗೆ ‘ಅನುಕಂಪದ ಆಧಾರದ ಮೇಲೆ’ ಎಂದು ಬರೆದಿತ್ತು. ಅದನ್ನು ತಂದ ಆಫೀಸಿನವರು ಇಟ್ಟಮಡುವಿನ ನಮ್ಮ ಮನೆಯ ಮೆಟ್ಟಿಲ ಮೇಲೆಯೇ ಸಹಿ ಹಾಕಿಸಿಕೊಂಡು ಹೋದರು. ಯಜಮಾನರು ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಬನಶಂಕರಿ ಕಡೆಯ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನನ್ನನ್ನು ಸಹಾಯಕಿಯಾಗಿ ತೆಗೆದುಕೊಂಡಿದ್ದರು. ಒಂದು ವರ್ಷ ಪ್ರೊಬೇಷನ್. ಅದು ಮುಗಿಯುವಾಗ ವಿಭಾಗದ ಮೇಡಂ ವರದಿ ಬರೆಯಬೇಕು: ಈಕೆಯನ್ನು ಇಲ್ಲಿಯೇ ಉಳಿಸಿಕೊಳ್ಳಬಹುದೋ, ಇಲ್ಲ ಆಫೀಸಿಗೆ ಕಡತ ಹೊರುವುದಕ್ಕೆ ಕಳಿಸಬೇಕೋ ಎಂದು.

ಆಫೀಸಿಗೆ ಹೋಗುತ್ತೇನೆ ಎಂದೇ ಎಲ್ಲರ ಲೆಕ್ಕ. ನನ್ನ ಮಗಳದಂತೂ ಬಾಯಿಬಿಟ್ಟೇ ಬಂತು.

“ಅಮ್ಮ, ರಿಮೋಟಿಗೆ ಬ್ಯಾಟರಿ ಹಾಕೋಕೂ ಅಪ್ಪನ್ನೇ ಕರೀತಿದ್ದೆ ಕಣಮ್ಮ ನೀನು. ಕಂಪ್ಯೂಟರ್ ಗಿಂಪ್ಯೂಟರ್ ಎಲ್ಲ ಯಾಕೆ? ಆಫೀಸೇ ಕೇಳು, ಆರಾಮಾಗಿರತ್ತೆ.”

“ನೋಡೋಣ ಬಿಡೇ,” ಎಂದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಟೈಪಿಂಗ್ ಕಲಿತು ಜೂನಿಯರ್ ಪಾಸಾಗಿತ್ತು. ಆಮೇಲೆ ಆ ಬೆರಳುಗಳು ಅಕ್ಕಿ ಆರಿಸುವುದಕ್ಕೆ, ಸೊಪ್ಪು ಬಿಡಿಸುವುದಕ್ಕೆ ಬಂದವು. ಅದರ ಬಗ್ಗೆ ನನಗೆ ದುಃಖವೇನೂ ಇರಲಿಲ್ಲ. ಆದರೆ ಅವರ ಕೆಲಸವನ್ನು ಕನಿಕರಕ್ಕೆ ಪಡೆದುಕೊಂಡೆ ಅನ್ನುವ ಮಾತು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅವರು ಇದ್ದ ಕೋಣೆಯಲ್ಲೇ ಇರಬೇಕು, ನನ್ನ ಕೈಯಲ್ಲಿ ಆಗುತ್ತದೆ ಎಂದು ಇರಬೇಕು. ಆ ವರ್ಷವೆಲ್ಲ ನಾನು ಬಯಸಿದ್ದು ಅಷ್ಟೇ.

ಅವರು ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತವರು ಬಸ್ಸು ಬಂದಾಗ ಏಳಲಿಲ್ಲ. ಅದರ ಹಿಂದಿನ ಶನಿವಾರ ಸಂಜೆ ಮನೆಗೆ ಬಂದಾಗ ಬೆರಳ ತುದಿಯೆಲ್ಲ ಅಂಟು ಅಂಟಾಗಿತ್ತು. ಸೀಮೆಎಣ್ಣೆ ಇಲ್ಲದ ಕಾಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಕೊಳ್ಳುತ್ತಾ “ಅರ್ಧ ಆಯ್ತು ಕಣೇ, ಇನ್ನರ್ಧ ಸೋಮವಾರ” ಎಂದರು. ಏನು ಅರ್ಧ ಎಂದು ನಾನು ಕೇಳಲಿಲ್ಲ. ಹುಳಿ ಒಲೆಯ ಮೇಲಿತ್ತು.

ಚೀಟಿ ಅಂಟಿಸುವುದು ಅವರಿಗೆ ಒಂದು ಹುಚ್ಚು. ನಮ್ಮ ಅಡುಗೆಮನೆಯ ಡಬ್ಬಗಳಿಗೆಲ್ಲ ಅವರ ದುಂಡನೆಯ ಅಕ್ಷರದ ಚೀಟಿಗಳಿವೆ. ಡಬ್ಬಕ್ಕೂ ಒಂದು, ಮುಚ್ಚಳಕ್ಕೂ ಒಂದು.

“ಮುಚ್ಚಳಕ್ಕೆ ಯಾಕ್ರೀ?” ಎಂದು ನಾನು ರೇಗಿಸಿದ್ದೆ.

“ಮುಚ್ಚಳ ಅದಲುಬದಲಾದ್ರೆ ಏನ್ಮಾಡ್ತೀಯ?”

“ಮೂಸಿ ನೋಡ್ತೀನಿ.”

“ನಮ್ಮಲ್ಲಿ ಕೇಬಲ್ ಮೂಸಿ ನೋಡೋಕಾಗಲ್ಲ ಕಣೇ. ಎರಡೂ ತುದಿಗೆ ಹೆಸರು ಬರೀಬೇಕು. ಒಂದು ತುದಿಗೆ ಬರೆದ್ರೆ ಬರೆಯದೇ ಇದ್ದಂಗೆ.”

ಮಿಕ್ಸಿ ಕೆಟ್ಟರೂ ಅವರು ಮೊದಲು ಮಿಕ್ಸಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. “ಕೊನೆಗೆ ಮುಟ್ಟಿದ್ದೇನು?” ಇದು ಅವರ ಮೊದಲ ಪ್ರಶ್ನೆ. ಗ್ಯಾಸ್ ಹತ್ತದಿದ್ದರೆ, ನಲ್ಲಿ ನಿಲ್ಲದಿದ್ದರೆ, ಮಗಳು ಅಳುತ್ತಿದ್ದರೂ ಅದೇ ಪ್ರಶ್ನೆ. ನನಗೆ ಸಿಟ್ಟು ಬರುತ್ತಿತ್ತು. ಪೊಲೀಸರ ಮನೆಯ ಸೊಸೆಯಾಗಿದ್ದರೂ ಇಷ್ಟು ವಿಚಾರಣೆ ಇರುತ್ತಿರಲಿಲ್ಲ ಎನ್ನುತ್ತಿದ್ದೆ. ಇವೆಲ್ಲ ಅವರ ವಿಭಾಗದ ರೂಢಿಗಳು ಎಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ.

ಕೆಲಸಕ್ಕೆ ಸೇರಿದ ಮೊದಲ ಶನಿವಾರ, ಮಧ್ಯಾಹ್ನ ಮೂರಕ್ಕೆ, ವಿಭಾಗದ ಆರೇಳು ಜನವೂ ಒಂದು ಉದ್ದನೆಯ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡರು. “ಶನಿವಾರ ಪಾಠ ಇದೆ, ಲೇಟಾಗತ್ತೆ” ಎಂದು ಯಜಮಾನರು ವಾರವಾರ ಹೇಳುತ್ತಿದ್ದರು. ಯಾರೋ ಹಿಂದುಳಿದ ಮಕ್ಕಳಿಗೆ ಪಾಠ ಹೇಳುತ್ತಾರೆ ಎಂದುಕೊಂಡಿದ್ದೆ. ಪಾಠ ಮಕ್ಕಳಿಗಲ್ಲ. ವಿಭಾಗದವರು ವಿಭಾಗದವರಿಗೇ ಮಾಡಿಕೊಳ್ಳುವ ಪಾಠ.

ಅದು ಹೇಗೆ ಶುರುವಾಯಿತು ಎಂದು ಹೇಳಿದವನು ವಿಭಾಗದ ಟೆಕ್ನಿಷಿಯನ್. ಹಾವೇರಿ ಕಡೆಯವನು, ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದಾನೆ. ಎರಡು ಮಕ್ಕಳ ತಂದೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ನನ್ನ ಯಜಮಾನರ ಕೈಕೆಳಗೆ ಕೆಲಸ ಕಲಿತವನು.

“ಅಕ್ಕಾರ, ಕಾಲೇಜಿನ್ಯಾಗ ಪಾಠ ಮಾಡೋರಿಗೆ ತರಬೇತಿ ಶಿಬಿರ ಇರತಾವ್ರಿ. ಫೈಲು, ಪೆನ್ನು, ಊಟ, ಗ್ರೂಪ್ ಫೋಟೋ. ನಮಗ ಏನ್ ಇರತೈತಿ ಹೇಳ್ರಿ?”

“ಏನಿರತ್ತೆ?”

“ಆ ಶಿಬಿರಕ್ಕ ಮೈಕ್ ಹಚ್ಚೋದು!” ಎಂದು ನಕ್ಕ. “ಹೊಸಾ ಮಷೀನ್ ಬರತಾವು, ನಮಗ ಯಾರೂ ಕಲಸಂಗಿಲ್ಲ. ಕೆಟ್ಟ ಮ್ಯಾಲೆ ನಮ್ಮನ್ನ ಬೈತಾರ. ಸರ್ ಹೋಗಿ ಪ್ರಿನ್ಸಿಪಾಲರ ಮುಂದ ನಿಂತ್ರು. ವಾರಕ್ಕ ಒಂದ್ ತಾಸು ಕೊಡ್ರಿ, ನಾವ ಕಲೀತೀವಿ ಅಂದ್ರು. ಕೊಟ್ರು.”

ಆ ಒಂದು ತಾಸಿಗೆ ಯಜಮಾನರು ಎರಡು ಪದ್ಧತಿ ಹಾಕಿದ್ದರು. ಮೊದಲನೆಯದು, ಕೆಲಸ ಗೊತ್ತಿರುವವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಾಯಲ್ಲಿ ಹೇಳಬಹುದು, ಕೀಲಿಮಣೆ ಮುಟ್ಟುವಂತಿಲ್ಲ. ಗೊತ್ತಿಲ್ಲದವರೇ ಕೂತು ಮಾಡಬೇಕು. ಎಷ್ಟು ಹೊತ್ತಾದರೂ ಸರಿಯೇ. ಎರಡನೆಯದು ಒಂದು ಉದ್ದ ನೋಟ್‌ಬುಕ್ಕು, ರಟ್ಟಿಗೆ ಖಾಕಿ ಬೈಂಡು ಹಾಕಿದ್ದು. ವಾರದಲ್ಲಿ ಯಾರಿಂದ ಏನು ತಪ್ಪಾಯಿತೋ ಅವರು ಅದರಲ್ಲಿ ಮೂರು ಸಾಲು ಬರೆದು ಎಲ್ಲರ ಮುಂದೆ ಓದಬೇಕು. ಏನಾಯಿತು ಎಂದು ಒಂದು ಸಾಲು. ಕೊನೆಗೆ ಮುಟ್ಟಿದ್ದು ಏನು ಎಂದು ಇನ್ನೊಂದು. ಏನಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮೂರನೆಯದು. ಯಾರ ಹೆಸರನ್ನೂ ಬರೆಯುವಂತಿಲ್ಲ. ಓದಿದ ಮೇಲೆ ಯಾರೂ ಬೈಯುವಂತಿಲ್ಲ. ಟೀ ಕುಡಿದು ಮುಂದಿನ ಪಾಠಕ್ಕೆ ಹೋಗಬೇಕು.

ಆ ದಿನ ಮೇಡಂ ನೋಟ್‌ಬುಕ್ಕನ್ನು ನನ್ನ ಮುಂದಕ್ಕೆ ತಳ್ಳಿ, “ಮೊದಲನೇ ಪುಟದಿಂದ ಓದ್ಕೊಂಡು ಬನ್ನಿ. ಅದೇ ನಿಮ್ಮ ಸಿಲಬಸ್ಸು” ಎಂದರು.

ಮೊದಲನೆಯ ಪುಟದಲ್ಲಿ ನಮ್ಮ ಮನೆಯ ಡಬ್ಬಗಳ ಮೇಲಿನ ಅದೇ ದುಂಡನೆಯ ಅಕ್ಷರ. ‘ಒಂದು ತರಗತಿಯ ಅಂಕಗಳೆಲ್ಲ ಅಳಿಸಿಹೋದವು. ಕೊನೆಗೆ ಮುಟ್ಟಿದ್ದು ನಾನೇ. ಮೂರು ವರ್ಷ ದಿನವೂ ಇನ್ನೊಂದು ಪ್ರತಿ ತೆಗೆದಿಟ್ಟೆ, ಆ ಪ್ರತಿ ತೆರೆಯುತ್ತದೆಯೇ ಎಂದು ಒಂದು ದಿನವೂ ನೋಡಲಿಲ್ಲ.’ ಮೇಲೆ ತಾರೀಕಿನ ಜಾಗದಲ್ಲಿ ‘ಗೌರಿ ಹಬ್ಬದ ವಾರ’ ಎಂದಿತ್ತು.

ಆ ಗೌರಿ ಹಬ್ಬ ನನಗೆ ನೆನಪಿದೆ. ಮಗಳು ಆಗ ಅಂಬೆಗಾಲಿಡುತ್ತಿದ್ದಳು. ಇವರು ಮೂರು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು, ಹೋಳಿಗೆ ಮುಟ್ಟಲಿಲ್ಲ, ಮಾತಿಲ್ಲ ಕಥೆಯಿಲ್ಲ. ಬಾಗಿನ ಕೊಡುವುದಕ್ಕೆ ಹನುಮಂತನಗರದ ತವರಿಗೆ ಹೋಗುತ್ತೇನೆ ಎಂದಿದ್ದಕ್ಕೆ ಮುನಿಸು ಎಂದು ತಿಳಿದು ನಾನೂ ಮುಖ ದಪ್ಪ ಮಾಡಿಕೊಂಡಿದ್ದೆ. ಆ ಮೂರು ದಿನ ಅವರು ಅಧ್ಯಾಪಕರ ಕಾಗದಗಳನ್ನು ಕೇಳಿ ಪಡೆದು ಅಷ್ಟೂ ಅಂಕಗಳನ್ನು ಮತ್ತೆ ಟೈಪು ಮಾಡಿದ್ದರಂತೆ. ತಪ್ಪು ನನ್ನದು ಎಂದು ತಾವೇ ಹೋಗಿ ಹೇಳಿದ್ದರಂತೆ. ಹದಿನೈದು ವರ್ಷದ ಮೇಲೆ, ಅವರಿಲ್ಲದ ಕೋಣೆಯಲ್ಲಿ ಕೂತು ನಾನು ಅದನ್ನು ಓದಿದೆ. ನನಗೆ ಅಳು ಬರಲಿಲ್ಲ. ಬೆನ್ನು ನೆಟ್ಟಗಾಯಿತು. ಇಂಥವರ ಮನೆಯಲ್ಲಿ ಬಾಳಿದೆನಲ್ಲ ಅನ್ನಿಸಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಕಲಿತೆ. ನಿಧಾನವಾಗಿ ಕಲಿತೆ. ಟೆಕ್ನಿಷಿಯನ್ ನನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದ. ನಾನು ಇಲಿಯನ್ನು ಹಿಡಿದವಳ ಹಾಗೆ ಮೌಸು ಹಿಡಿದು ಕೂತುಬಿಡುತ್ತಿದ್ದೆ.

“ಒತ್ರಿ ಅಕ್ಕಾರ.”

“ಏನಾದ್ರೂ ಆದ್ರೆ?”

“ಆದ್ರ ಒಂದ್ ಕಂಪ್ಯೂಟರ್ ಹೋಗತೈತಿ, ಊರೇನ್ ಮುಳಗಂಗಿಲ್ಲ. ಒತ್ರಿ.”

ಒತ್ತಿದೆ. ಪ್ರಿಂಟರ್ ಜೋಡಿಸುವುದು, ಹೊಸ ವಿದ್ಯಾರ್ಥಿಗಳ ಖಾತೆ ತೆರೆಯುವುದು, ಮರೆತ ಪಾಸ್‌ವರ್ಡ್ ಬದಲಿಸಿ ಕೊಡುವುದು, ಕೇಬಲ್ಲಿನ ತುದಿಗೆ ಎಂಟು ಬಣ್ಣದ ಎಳೆಗಳನ್ನು ಸಾಲಾಗಿ ಕೂರಿಸಿ ಒತ್ತುವುದು, ಎಲ್ಲ ಬಂತು. ಆ ಎಳೆ ಕೂರಿಸುವುದರಲ್ಲಂತೂ ನನ್ನನ್ನು ಮೀರಿಸುವವರಿರಲಿಲ್ಲ. ಹೂ ಕಟ್ಟಿದ ಕೈಗೆ ಅದೊಂದು ಕೆಲಸವೇ ಅಲ್ಲ. ಮೇಡಂ ಒಂದು ಸಲ ನನ್ನ ತುದಿಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಆ ಸಂಜೆ ಇಟ್ಟಮಡುವಿಗೆ ನಡೆದೇ ಹೋದೆ, ಬಸ್ಸಿನ ನೆನಪೇ ಆಗಲಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದು ಪುಟ ಹೀಗಿತ್ತು: ಪರೀಕ್ಷೆಯ ದಿನ ಒಂದು ಕೇಬಲ್ಲು ಕಳಚಿ ಜೋತುಬಿದ್ದಿದ್ದನ್ನು ಯಾರೂ ನೋಡದೆ ಒಂದು ಲ್ಯಾಬೇ ನಿಂತುಹೋಗಿತ್ತು. ಅದನ್ನು ಓದಿದ ಮೇಲೆ ನಾನು ಹೋದಲ್ಲೆಲ್ಲ ಜೋತುಬಿದ್ದ ಕೇಬಲ್ಲುಗಳನ್ನೇ ಹುಡುಕುತ್ತಿದ್ದೆ. ಅದೇ ನನಗೆ ಮುಳುವಾಯಿತು.

ಪ್ರೊಬೇಷನ್ ಮುಗಿಯಲು ಆರು ವಾರ ಉಳಿದಿತ್ತು. ಅಂದು ಆಂತರಿಕ ಪರೀಕ್ಷೆ, ಕಂಪ್ಯೂಟರಿನಲ್ಲಿಯೇ. ಮೂರು ಲ್ಯಾಬುಗಳ ತುಂಬ ಮಕ್ಕಳು. ಹತ್ತು ಗಂಟೆಗೆ ಎಲ್ಲ ಸರಿಯಾಗಿ ಶುರುವಾಯಿತು. ನನಗೆ ಬೇರೆ ಕೆಲಸವಿರಲಿಲ್ಲ. ಒರೆಸುವ ಬಟ್ಟೆ ಹಿಡಿದು ಪಕ್ಕದ ಚಿಕ್ಕ ಕೋಣೆಗೆ ಹೋದೆ. ಅಲ್ಲಿ ಗಾಜಿನ ಬಾಗಿಲಿನ ಒಂದು ಕಬ್ಬಿಣದ ಕಪಾಟಿದೆ. ಕಾಲೇಜಿನ ಎಲ್ಲ ಕಂಪ್ಯೂಟರುಗಳ ಕೇಬಲ್ಲುಗಳೂ ಅಲ್ಲಿಗೆ ಬಂದು, ಸಾಲು ತೂತುಗಳಿರುವ ಚಪ್ಪಟೆ ಪೆಟ್ಟಿಗೆಗಳಿಗೆ ಸೇರುತ್ತವೆ. ಆ ಕಪಾಟಿನ ಹಿಂಭಾಗದಲ್ಲಿ ಒಂದು ಕೇಬಲ್ಲಿನ ತುದಿ, ಜಾರಿದ ಸೆರಗಿನ ಹಾಗೆ, ಕೆಳಗೆ ಜೋತಾಡುತ್ತಿತ್ತು. ಅದರ ಮೇಲೆ ಚೀಟಿ ಇರಲಿಲ್ಲ. ಎದುರಿಗೇ ಒಂದು ತೂತು ಖಾಲಿ ಇತ್ತು.

ಅಯ್ಯೋ, ಕಳಚಿಕೊಂಡಿದೆ, ಸದ್ಯ ನಾನು ನೋಡಿದೆ ಎಂದುಕೊಂಡೆ. ತುದಿ ಒರೆಸಿ ಸಿಕ್ಕಿಸಿದೆ. ಟಕ್ ಎಂದು ಕೂತಿತು. ಹೆಮ್ಮೆಯಿಂದ ಕೆಳಗಿಳಿದು ಹೋಗಿ ಒಂದು ಲೋಟ ನೀರು ಕುಡಿದೆ.

ಮೇಲೆ ಬರುವಷ್ಟರಲ್ಲಿ ಮೂರು ಲ್ಯಾಬುಗಳಲ್ಲೂ ಮಕ್ಕಳ ಕೈಗಳು ಮೇಲೆದ್ದಿದ್ದವು. “ಮೇಡಂ, ಹ್ಯಾಂಗ್ ಆಯ್ತು!” “ಸಾರ್, ನನ್ನದೂ!” ಆಫೀಸಿನಿಂದ ಫೋನು, ಲೈಬ್ರರಿಯಿಂದ ಫೋನು. ಇಡೀ ಕಾಲೇಜಿನಲ್ಲಿ ಒಂದು ಕಂಪ್ಯೂಟರೂ ಮಾತಾಡುತ್ತಿರಲಿಲ್ಲ.

“ಇಂಟರ್ನೆಟ್ ಕಂಪನಿಯವರದೇ ಇರ್ಬೇಕು,” ಎಂದು ಯಾರೋ ಅಂದರು. ಮೇಡಂ ಕಂಪನಿಗೆ ಫೋನು ಹಚ್ಚಿದರು. ಅಷ್ಟರಲ್ಲಿ ಪ್ರಿನ್ಸಿಪಾಲರೇ ಮೆಟ್ಟಿಲು ಹತ್ತಿ ಬಂದರು. ಟೆಕ್ನಿಷಿಯನ್ ಮಾತ್ರ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದ:

“ಒಂದ್ ನಿಮಿಷ. ಯಾರರ ಏನರ ಮುಟ್ಟೀರೇನು? ಕೊನೀಗೆ ಮುಟ್ಟಿದ್ದು ಏನು?”

ಆ ಹೊತ್ತಿಗೆ ನನಗೆ ಗೊತ್ತಾಗಿತ್ತು ಎಂದರೆ ಸುಳ್ಳು. ಗೊತ್ತಿರಲಿಲ್ಲ ಎಂದರೂ ಸುಳ್ಳು. ಸುಮ್ಮನೆ ಆ ಕೋಣೆಗೆ ಹೋಗಿ ಕೇಬಲ್ಲನ್ನು ಎಳೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಪನಿಯವರ ತಲೆಗೆ ಹೋಗುತ್ತಿತ್ತು. ಇನ್ನು ಆರೇ ವಾರ. ಆದರೆ ಆ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷ ಕೇಳಿದ್ದೆ. ಅದಕ್ಕೆ ಸುಳ್ಳು ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

“ನಾನು ಮುಟ್ಟಿದೆ,” ಎಂದೆ. “ಹಿಂದ್ಗಡೆ ಒಂದು ಕೇಬಲ್ ಜೋತಾಡ್ತಿತ್ತು. ಸಿಕ್ಕಿಸ್ದೆ.”

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. “ಯಾರು ಹೇಳಿದ್ರಮ್ಮ ನಿಮಗೆ ಸಿಕ್ಸೋಕೆ?”

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಅಡ್ಡ ಬಂದರು. “ಸಾರ್, ಅದನ್ನ ಶನಿವಾರ ಬರೀತೀವಿ. ಫಸ್ಟು ಪರೀಕ್ಷೆ ನಡೀಲಿ.”

ಟೆಕ್ನಿಷಿಯನ್ ಮುಂದೆ, ನಾನು ಹಿಂದೆ, ಓಡಿದೆವು. ಕಪಾಟಿನೊಳಗೆ ನೂರಾರು ಹಸಿರು ದೀಪಗಳು ಒಟ್ಟಿಗೇ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅವನು ಒಂದೇ ನೋಟಕ್ಕೆ ಕಂಡುಕೊಂಡ. ಕೈ ಚಾಚಿದರೆ ಮುಗಿಯುತ್ತಿತ್ತು. ಅಷ್ಟು ಅವಸರದಲ್ಲಿಯೂ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಅಕ್ಕಾರ, ನೀವ ತಗೀರಿ.”

“ನೀವೇ ತೆಗೀರಿ ಮಾರಾಯ್ರೆ, ಮಕ್ಕಳು ಕಾಯ್ತಿವೆ!”

“ತಗೀರಿ. ಇವತ್ತು ನಾ ತಗದ್ರ ನೀವು ಜನ್ಮದಾಗ ಈ ಕಪಾಟ ಮುಟ್ಟಂಗಿಲ್ಲ.”

ಎಳೆದೆ. ದೀಪಗಳು ಒಂದು ಕ್ಷಣ ನಿಂತವು. ಆಮೇಲೆ ಒಂದೊಂದಾಗಿ, ತಮ್ಮ ತಮ್ಮ ಹೊತ್ತಿಗೆ, ಮಿನುಗತೊಡಗಿದವು. ಪಕ್ಕದ ಲ್ಯಾಬಿನಿಂದ “ಬಂತು, ಬಂತು” ಎಂದು ಮಕ್ಕಳ ಕೂಗು ಕೇಳಿಸಿತು. ಕಳೆದ ಹೊತ್ತನ್ನು ಮೇಡಂ ಪರೀಕ್ಷೆಯ ಕೊನೆಗೆ ಸೇರಿಸಿಕೊಟ್ಟರು.

“ಏನಾಗಿತ್ತು?” ಎಂದು ಕೇಳಿದೆ.

“ಈ ಕೇಬಲ್ಲಿನ ಎರಡೂ ತುದಿ ಒಂದ ಪೆಟಿಗ್ಯಾಗ ಹೋದ್ವು. ಬನಶಂಕರಿ ಬಸ್ ಸ್ಟ್ಯಾಂಡಿಗೆ ಬಂದ ಬಸ್ಸೆಲ್ಲಾ ಒಳಗ ಗಿರಿಗಿರಿ ತಿರಗಾಕತ್ರ, ಹೊರಗ ಹೋಗೋ ಬಸ್ಸಿಗೆ ದಾರಿ ಎಲ್ಲೈತ್ರಿ? ಹಂಗ.” ಅವನು ಬಗ್ಗಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ತುದಿಯನ್ನು ಹುಡುಕಿದ. ಹುಡುಕಿ ಬೆರಳಿಟ್ಟು ತೋರಿಸಿದ. ನಾನೂ ಬಗ್ಗಿ ನೋಡಿದೆ.

ಆ ತುದಿಗೆ ಚೀಟಿ ಇತ್ತು. ದುಂಡನೆಯ ಅಕ್ಷರ. ‘ತೆಗೆಯಬೇಕು’ ಎಂದಿತ್ತು.

ಅದು ಅದೇ ಕಪಾಟಿನಲ್ಲಿದ್ದ ಹಳೆಯ ಒಂದು ಯಂತ್ರಕ್ಕೆ ಹೋಗುತ್ತಿದ್ದ ಕೇಬಲ್ಲು. ಯಂತ್ರ ಹೋದ ಮೇಲೆ ಬೇಡವಾಗಿತ್ತು. ಯಜಮಾನರು ಆ ಶನಿವಾರ ಒಂದು ತುದಿಗೆ ಚೀಟಿ ಹಚ್ಚಿದ್ದರು. ಇನ್ನೊಂದು ತುದಿ ಸೋಮವಾರಕ್ಕೆ ಉಳಿದಿತ್ತು. ಅವರು ಹೋದ ಮೇಲೆ ಆ ಕೆಲಸವನ್ನು ಯಾರೂ ಮುಂದುವರಿಸಿರಲಿಲ್ಲ. ಚೀಟಿಯ ಡಬ್ಬವನ್ನು ತೆರೆಯಲು ವಿಭಾಗದಲ್ಲಿ ಯಾರಿಗೂ ಮನಸ್ಸು ಬಂದಿರಲಿಲ್ಲ.

ಶನಿವಾರದ ತನಕ ನಾಲ್ಕು ದಿನವಿತ್ತು. ಮೊದಲ ಎರಡು ಸಾಲು ಬರೆಯಲು ನನಗೆ ಕಷ್ಟವಾಗಲಿಲ್ಲ. ಮೂರನೆಯದಕ್ಕೆ ಪೆನ್ನು ನಿಂತಿತು. ಏನಿದ್ದಿದ್ದರೆ ಹೀಗಾಗುತ್ತಿರಲಿಲ್ಲ? ಆ ತುದಿಗೂ ಚೀಟಿ ಇದ್ದಿದ್ದರೆ. ಹೆಸರು ಬರೆಯುವಂತಿಲ್ಲ ನಿಜ. ಆದರೆ ಆ ಕಪಾಟಿಗೆ ಚೀಟಿ ಅಂಟಿಸುತ್ತಿದ್ದವರು ಯಾರು ಎಂದು ಆ ಕೋಣೆಯ ಕುರ್ಚಿಗಳಿಗೂ ಗೊತ್ತಿತ್ತು.

ಟೆಕ್ನಿಷಿಯನ್ನಿಗೂ ಅದೇ ಸಂಕಟ. ಊಟದ ಹೊತ್ತಿನಲ್ಲಿ ರೊಟ್ಟಿ ಬಿಚ್ಚುತ್ತಾ ಮೆಲ್ಲಗೆ ಅಂದ: “ಅಕ್ಕಾರ, ಮೂರನೇ ಸಾಲಿನ್ಯಾಗ ‘ಕೇಳಿ ಮುಟ್ಟಬೇಕಿತ್ತು’ ಅಂತ ಬರದ ಬಿಡ್ರಿ. ಸುಳ್ಳಲ್ಲ ಅದು. ಸರ್ ಮಾತು ತರೋದು ಬ್ಯಾಡ.”

ಅದು ಸುಳ್ಳಲ್ಲ. ಆದರೆ ಅಷ್ಟೇ ನಿಜವೂ ಅಲ್ಲ. ಸಂಜೆ ಒಗ್ಗರಣೆಗೆ ಸಾಸಿವೆ ಡಬ್ಬ ತೆಗೆದೆ. ಡಬ್ಬದ ಮೇಲೆ ಸಾಸಿವೆ, ಮುಚ್ಚಳದ ಮೇಲೂ ಸಾಸಿವೆ. ಸತ್ತವರ ತಪ್ಪನ್ನು ಮುಚ್ಚಿಡುವುದು ನಮ್ಮಲ್ಲಿ ಮರ್ಯಾದೆ. ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡಬಹುದಿತ್ತು. ಆದರೆ ಈ ಮನುಷ್ಯ ಬದುಕಿದ್ದಾಗಲೇ ತನ್ನ ತಪ್ಪನ್ನು ಮೊದಲನೆಯ ಪುಟದಲ್ಲಿ, ಎಲ್ಲರೂ ಓದಿಯೇ ಮುಂದೆ ಹೋಗಬೇಕಾದ ಜಾಗದಲ್ಲಿ ಬರೆದಿಟ್ಟವರು. ಅವರಿಗೆ ನಾನು ಮುಚ್ಚಿಟ್ಟು ಮಾಡುವ ಮರ್ಯಾದೆ ಏನು?

ಮಗಳಿಗೆ ಹೇಳಿದೆ. ಅವಳು ಕೊತ್ತಂಬರಿ ಬಿಡಿಸುತ್ತಾ ಕೇಳಿಸಿಕೊಂಡಳು. “ಅಪ್ಪ ಆಗಿದ್ರೆ ಅಂಡರ್‌ಲೈನ್ ಮಾಡಿ ಬರೀತಿದ್ರು ಬಿಡಮ್ಮ,” ಎಂದಳು.

ಬರೆದೆ. ‘ಕೇಳಿ ಮುಟ್ಟಬೇಕಿತ್ತು. ಕೇಬಲ್ಲಿನ ಒಂದೇ ತುದಿಗೆ ಚೀಟಿ ಇತ್ತು. ಎರಡೂ ತುದಿಗೆ ಇದ್ದಿದ್ದರೆ ಸಿಕ್ಕಿಸುತ್ತಿರಲಿಲ್ಲ.’ ಶನಿವಾರ ಓದಿದೆ. ಯಾರೂ ಬೈಯಲಿಲ್ಲ, ಯಾರೂ ತಲೆ ಎತ್ತಲೂ ಇಲ್ಲ. ಟೀ ಬಂತು. ಟೀ ಮುಗಿದ ಮೇಲೆ ಮೇಡಂ ಚೀಟಿಯ ಡಬ್ಬವನ್ನು ತಂದು ಮೇಜಿನ ಮೇಲಿಟ್ಟರು. ಆ ದಿನ ಬೇರೆ ಪಾಠವಾಗಲಿಲ್ಲ. ಎಲ್ಲರೂ ಸೇರಿ ಕಪಾಟಿನ ಉಳಿದರ್ಧಕ್ಕೆ ಚೀಟಿ ಹಚ್ಚಿದೆವು. ಅವರದೇ ಅಂಟು ನಮ್ಮ ಬೆರಳಿಗೆ ಹತ್ತಿತು. ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ ತೊಳೆದುಕೊಂಡೆ.

ಆ ಬೇಡದ ಕೇಬಲ್ಲನ್ನು ಮಾತ್ರ ಸುತ್ತಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಅದರ ಇನ್ನೊಂದು ತುದಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಯಜಮಾನರಿಗೆ ಇನ್ನೊಂದು ಆಸೆ ಇತ್ತು. ಸುತ್ತಮುತ್ತಲ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಕೆಲಸಗಾರರಿಗೆಲ್ಲ ಒಂದು ದಿನದ ಶಿಬಿರವಾಗಬೇಕು ಎಂದು. ಮೂರು ಸಲ ಅರ್ಜಿ ಕೊಟ್ಟಿದ್ದರು. ಅದು ಆ ವರ್ಷ ಕೈಗೂಡಿತು, ಜಯನಗರದ ಒಂದು ಕಾಲೇಜಿನ ಸಭಾಂಗಣದಲ್ಲಿ. ಒಂದೊಂದು ಕಾಲೇಜಿನಿಂದ ಒಬ್ಬರು ಮಾತಾಡಬೇಕಿತ್ತು. ನಮ್ಮಿಂದ ಯಾರು ಎಂದಾಗ ಮೇಡಂ ನೋಟ್‌ಬುಕ್ಕನ್ನು ನನ್ನ ಕೈಗೇ ಕೊಟ್ಟರು.

“ನಾನು ಎಸ್ಸೆಸ್ಸೆಲ್ಸಿ ಮೇಡಂ,” ಎಂದೆ.

“ಗೊತ್ತು. ನಿಮ್ಮ ಪುಟ ಓದಿ ಸಾಕು.”

ಬಾಗಿಲಲ್ಲಿ ನಮಗೆಲ್ಲ ಫೈಲು, ಪೆನ್ನು, ಎದೆಗೆ ಸಿಕ್ಕಿಸಿಕೊಳ್ಳುವ ಕಾರ್ಡು ಕೊಟ್ಟರು. ಟೆಕ್ನಿಷಿಯನ್ ಆ ಫೈಲನ್ನು ತಿರುಗಿಸಿ ಮುರುಗಿಸಿ ನೋಡಿ, “ಇಪ್ಪತ್ ಸಲ ಹಂಚೀನ್ರಿ ಇದನ್ನ. ತಗೊಂಡಿದ್ದು ಇದ ಮೊದಲು” ಎಂದ. ಅವನ ಕಣ್ಣು ತುಂಬಿತ್ತು, ನಗುತ್ತಲೂ ಇದ್ದ.

ನನ್ನ ಸರದಿ ಬಂತು. ವೇದಿಕೆ ಹತ್ತಿ, ನಮ್ಮ ಕಪಾಟಿನ ಚಿತ್ರ ತೋರಿಸೋಣವೆಂದು ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಬೇರೆ ಸಭೆಯಾಗಿದ್ದರೆ ಜನ ಕೆಮ್ಮುತ್ತಾ ಕಾಯುತ್ತಿದ್ದರು. ಇದು ಪರದೆ ಜೋಡಿಸುವವರದೇ ಸಭೆ. ಇಡೀ ಸಭಾಂಗಣ ಒಟ್ಟಿಗೆ ಎದ್ದು ನಿಂತಿತು. ಹತ್ತಾರು ಜನ ವೇದಿಕೆಯ ಕಡೆಗೆ ಹೊರಟೇಬಿಟ್ಟರು.

“ಏ ಕೂಡ್ರಿ, ಕೂಡ್ರಿ!” ಹಿಂದಿನ ಸಾಲಿನಿಂದ ನಮ್ಮವನ ಗಂಟಲು. “ಎಲ್ಲಾರೂ ಕೈ ಹಿಂದಕ್ಕ ಕಟ್ಕೊಳ್ರಿ! ಅಕ್ಕಾರು ಮಾಡ್ತಾರ!”

ನಗೆಯ ನಡುವೆ ಜನ ನಿಂತಲ್ಲೇ ನಿಂತರು. ಕೆಲವರು ನಿಜವಾಗಿಯೂ ಕೈ ಹಿಂದೆ ಕಟ್ಟಿಕೊಂಡರು. ನಾನು ಪ್ರೊಜೆಕ್ಟರನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ನಿರೂಪಕಿಯನ್ನು ನೋಡಿದೆ.

“ಕೊನೆಗೆ ಮುಟ್ಟಿದ್ದೇನಮ್ಮ?”

“ಫೋನ್ ಚಾರ್ಜಿಗೆ ಹಾಕಿದೆ ಆಂಟಿ,” ಎಂದಳು ಆಕೆ, ಚಿಕ್ಕ ಧ್ವನಿಯಲ್ಲಿ. ಪ್ರೊಜೆಕ್ಟರಿನ ಪ್ಲಗ್ಗು ಕೆಳಗೆ ಬಿದ್ದಿತ್ತು. ಹಾಕಿದೆ. ಪರದೆ ಬೆಳಗಿತು. ಆಮೇಲೆ ನನಗೆ ಭಯವಾಗಲಿಲ್ಲ.

ನನ್ನ ಪುಟ ಓದಿದೆ. ಮೂರೂ ಸಾಲು ಓದಿದೆ. ಮೊದಲನೆಯ ಪುಟವನ್ನೂ ಓದಿದೆ. ಸಭೆ ಸದ್ದಿಲ್ಲದೆ ಕೇಳಿತು. ಹಾಗೆ ಕೇಳುವುದಕ್ಕೆ ಕಾರಣವಿತ್ತು, ಅಂಥ ಪುಟಗಳು ಅಲ್ಲಿದ್ದವರೆಲ್ಲರ ಎದೆಯಲ್ಲೂ ಇದ್ದವು, ಬರೆಯುವ ನೋಟ್‌ಬುಕ್ಕು ಇರಲಿಲ್ಲ ಅಷ್ಟೇ. ಮುಗಿದ ಮೇಲೆ ನಡುವಿನ ಸಾಲಿನಿಂದ ಒಬ್ಬರು ಎದ್ದರು. ಜೆ.ಪಿ. ನಗರದ ಕಾಲೇಜಿನವರು, ತಲೆ ನರೆತವರು.

“ಮೇಡಂ, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಆ ಒಂದೇ ತುದಿಗೆ ಚೀಟಿ ಅಂಟಿಸಿ ಬಿಟ್ಟೋರು ಯಾರು? ಅಷ್ಟೂ ಕೆಲಸ ಗೊತ್ತಿಲ್ದೇ ಇರೋರು?”

ಹಿಂದಿನ ಸಾಲಿನಲ್ಲಿ ನಮ್ಮವನು ತಲೆ ತಗ್ಗಿಸಿದ್ದು ಕಾಣಿಸಿತು. ನಾನು ಮೈಕಿಗೆ ಬಗ್ಗಿದೆ.

“ಹೆಸರು ಹೇಳೋ ಹಾಗಿಲ್ಲ ಸಾರ್, ಅದು ನಮ್ಮ ಪದ್ಧತಿ. ಕೆಲಸ ಗೊತ್ತಿಲ್ದೋರಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೋರು. ಈ ಪದ್ಧತಿ ಹಾಕಿದ್ದೂ ಅವರೇ, ಈ ಶಿಬಿರ ಕೇಳಿದ್ದೂ ಅವರೇ. ಇನ್ನೊಂದು ತುದಿಗೆ ಸೋಮವಾರ ಅಂಟಿಸೋರಿದ್ರು. ಸೋಮವಾರ ಅವರು ಬರ್ಲಿಲ್ಲ.”

ಆ ಹಿರಿಯರು ನಿಂತಲ್ಲಿಂದಲೇ ಎರಡೂ ಕೈ ಜೋಡಿಸಿದರು. ನನಗೋ, ಆ ಪುಟಕ್ಕೋ ತಿಳಿಯಲಿಲ್ಲ. ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಸಂದಿತು ಎಂದುಕೊಂಡೆ. ಆ ಮೇಲೆ ಐದಾರು ಕಾಲೇಜಿನವರು ಬಂದು ನೋಟ್‌ಬುಕ್ಕಿನ ಮೂರು ಸಾಲುಗಳನ್ನು ತಮ್ಮ ಹೊಸ ಫೈಲುಗಳಲ್ಲಿ, ಹೊಸ ಪೆನ್ನುಗಳಲ್ಲಿ ಬರೆದುಕೊಂಡು ಹೋದರು.

ಎರಡು ವಾರದ ಮೇಲೆ ಆದೇಶ ಬಂತು. ಈ ಸಲ ಮನೆಯ ಮೆಟ್ಟಿಲಿಗಲ್ಲ, ನನ್ನ ಮೇಜಿಗೆ. ಮೇಡಂ ಬರೆದ ವರದಿಯ ಒಂದು ವಾಕ್ಯವನ್ನು ಅದರಲ್ಲಿ ಸೇರಿಸಿದ್ದರು: ‘ಇವರು ಕೇಳಿದ ಪ್ರಶ್ನೆಗೆ ನಿಜ ಹೇಳುತ್ತಾರೆ, ಹೇಳಿಕೊಟ್ಟದ್ದನ್ನು ಮತ್ತೊಬ್ಬರಿಗೆ ಹೇಳಿಕೊಡಬಲ್ಲರು. ಕಂಪ್ಯೂಟರ್ ವಿಭಾಗದಲ್ಲಿಯೇ ಖಾಯಂಗೊಳಿಸಬಹುದು.’ ಕೆಳಗಿನವರೆಗೂ ಎರಡು ಸಲ ಓದಿದೆ. ಅನುಕಂಪದ ಮಾತು ಎಲ್ಲಿಯೂ ಇರಲಿಲ್ಲ.

ಖಾನೆ ಎಳೆದು ಆ ಕೇಬಲ್ಲನ್ನು ತೆಗೆದೆ. ಸುರುಳಿ ಬಿಚ್ಚಿದೆ. ಒಂದು ತುದಿಯಲ್ಲಿ ಅವರ ಅಕ್ಷರ, ‘ತೆಗೆಯಬೇಕು’. ಒಂದು ಚೀಟಿ ಹರಿದು, ಇನ್ನೊಂದು ತುದಿಗೆ ಸುತ್ತಿ, ನನ್ನ ಸೊಟ್ಟ ಅಕ್ಷರದಲ್ಲಿ ‘ತೆಗೆದಾಯಿತು’ ಎಂದು ಬರೆದೆ.

ಈಗ ಅದು ಶನಿವಾರದ ಮೇಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಕಳೆದ ತಿಂಗಳಿನಿಂದ ಆಫೀಸಿನ ಟೈಪಿಸ್ಟ್ ಕೂಡ ಪಾಠಕ್ಕೆ ಬರುತ್ತಿದ್ದಾರೆ, ನನ್ನದೇ ವಯಸ್ಸಿನವರು, ಮೌಸಿನ ಮೇಲೆ ಬೆರಳಿಟ್ಟವರು ಒತ್ತುವುದೇ ಇಲ್ಲ.

“ಅಕ್ಕ, ಏನಾದ್ರೂ ಆಗ್ಬಿಟ್ರೆ?” ಎಂದು ನನ್ನ ಕಡೆ ತಿರುಗುತ್ತಾರೆ.

“ಒತ್ತಿ,” ಎನ್ನುತ್ತೇನೆ. ಅವರ ಕೈಯಿಂದ ಕಿತ್ತುಕೊಂಡು ನಾನೇ ಮಾಡಿಬಿಡೋಣ ಅನ್ನಿಸುತ್ತದೆ, ಎರಡು ಕ್ಷಣದ ಕೆಲಸ. ಬೆನ್ನ ಹಿಂದೆ ಒಂದು ಕೈಯನ್ನು ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಲ್ಲುತ್ತೇನೆ.